ಗೋದಾಮು ಎಂದು ಬರೆದ ಮಹಡಿ

"ಉಸ್ತಾದ್ರೆ, ಇಡೀ ಕಟ್ಟಡಕ್ಕೆ ಒಂದೇ ದೊಡ್ಡ ಎ.ಸಿ. ಆರಿಸಲೋ, ಮಹಡಿಗೊಂದು ಆರಿಸಲೋ?" ಎಂದು ವಿಶಾಲಾಕ್ಷಿ ಕೇಳಿದಳು.

"ನೀನು ಆಗಲೇ ತಪ್ಪು ಮಾಡಿ ಬಂದಿದ್ದೀ" ಎಂದರು ಗುರುಗಳು. "ಮೂರು ಕಂಪನಿಯವರನ್ನು ಕೇಳಿದ್ದೀ. ಮಾಲೀಕನನ್ನು ಕೇಳಿದ್ದೀ. ಆ ಕಟ್ಟಡದೊಳಗೆ ದಿನವಿಡೀ ದುಡಿಯುವವರಲ್ಲಿ ಒಬ್ಬರನ್ನೂ ಕೇಳಿಲ್ಲ."

ವಿಶಾಲಾಕ್ಷಿಯ ತೊಡೆಯ ಮೇಲೆ ಮೂರು ಕಂಪನಿಗಳ ಕಾಗದಗಳಿದ್ದವು.

ಗುರುಗಳ ಹೆಸರು ಮರ್ದಾನಸಾಬ. ಏಳನೆಯ ತರಗತಿಗೆ ಶಾಲೆ ಬಿಟ್ಟವರು. ನಲವತ್ತು ವರ್ಷ ಫ್ರಿಜ್ಜು, ಎ.ಸಿ. ರಿಪೇರಿ ಮಾಡಿ ಈಗ ಗಂಗಾವತಿಯ ಒಂದು ತಗಡಿನ ಶೆಡ್ಡಿನಲ್ಲಿ ಆ ವಿದ್ಯೆ ಕಲಿಸುತ್ತಾರೆ. ವಿಶಾಲಾಕ್ಷಿ ಪುಸ್ತಕದ ಪಾಠವನ್ನು ಕಾಲೇಜಿನಲ್ಲಿ ಕಲಿತಳು, ಕೈಕೆಲಸವನ್ನು ಈ ಶೆಡ್ಡಿನಲ್ಲಿ ಕಲಿತಳು. ಈಗ ಕಟ್ಟಡಗಳಿಗೆ ಯಂತ್ರ ಆರಿಸಿಕೊಡುವ ಒಂದು ಕಚೇರಿಯಲ್ಲಿ ಅವಳಿಗೆ ಕೆಲಸ. ಈ ಸಲ ಬಂದದ್ದು ಐದು ಅಂತಸ್ತಿನ ಕಟ್ಟಡ. ಕೆಳಗೆ ಒಡವೆ ಅಂಗಡಿ, ನಡುವೆ ಕಚೇರಿಗಳು, ತುದಿಯಲ್ಲಿ ತರಕಾರಿ ಬೀಜಗಳನ್ನು ಹಸನು ಮಾಡಿ ಪೊಟ್ಟಣ ಕಟ್ಟುವ ಹೆಂಗಸರು.

ಗುರುಗಳು ಕಾಗದಗಳನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಅವನ ಹೆಸರು ಬೇಡ. ಅಂಥವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಅವನು ನಾಲ್ಕು ಅಂತಸ್ತಿನ ಕಟ್ಟಡ ಕಟ್ಟಿಸಿದ. ಕೆಳಗಿನ ಮೂರು ಅಂತಸ್ತು ಅಂಗಡಿ. ತುದಿಯದು ಹೊಲಿಗೆಯ ಮಹಡಿ. ಅಲ್ಲಿ ಇಪ್ಪತ್ತೆರಡು ಹೆಂಗಸರು ಮಾರಾಟವಾದ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದರು, ಅಂಚಿಗೆ ಪಿಕೋ ಹೊಲಿಯುತ್ತಿದ್ದರು, ಇಸ್ತ್ರಿ ಮಾಡಿ ಮಡಿಸುತ್ತಿದ್ದರು. ಗಿರಾಕಿ ಕೆಳಗೆ ಸೀರೆ ಆರಿಸಿ ಒಂದು ಚಹಾ ಕುಡಿಯುವುದರೊಳಗೆ ಆ ಸೀರೆ ಉಡಲು ಸಿದ್ಧವಾಗಿ ಮೇಲಿನಿಂದ ಇಳಿದು ಬರಬೇಕು. ಆ ಅಂಗಡಿಗೆ ಹೆಸರು ಬಂದದ್ದೇ ಅದರಿಂದ. ಹೆಸರು ಮಾತ್ರ ವ್ಯಾಪಾರಿಯದಾಯಿತು.

ಕಟ್ಟಡಕ್ಕೆ ಎ.ಸಿ. ಬೇಕಾಯಿತು. ಮೂರು ಕಂಪನಿಗಳವರು ಬಂದರು. ಒಬ್ಬ, ಇಡೀ ಕಟ್ಟಡಕ್ಕೆ ಒಂದೇ ದೊಡ್ಡ ಯಂತ್ರವಿರಲಿ, ತಗಡಿನ ಕೊಳವೆಗಳಲ್ಲಿ ತಣ್ಣನೆಯ ಗಾಳಿ ಎಲ್ಲ ಕಡೆಗೂ ಹೋಗಲಿ ಎಂದ. ಇನ್ನೊಬ್ಬ, ಮಹಡಿಗೊಂದು ಯಂತ್ರವಿರಲಿ, ಒಂದು ಕೆಟ್ಟರೆ ಉಳಿದವು ನಡೆಯುತ್ತವೆ ಎಂದ. ಮೂರನೆಯವನು, ಹೊರಗೆ ಒಂದು ಪೆಟ್ಟಿಗೆ ಒಳಗೆ ಹತ್ತು ಪೆಟ್ಟಿಗೆ, ಬೇಕಾದ ಕಡೆ ಬೇಕಾದಷ್ಟು ತಂಪು ಎಂದ. ಮೂವರ ಮಾತಿನಲ್ಲೂ ಸುಳ್ಳಿರಲಿಲ್ಲ. ಮೂವರೂ ವ್ಯಾಪಾರಿಯ ಕೋಣೆಯಲ್ಲಿ ಕೂತೇ ಮಾತಾಡಿದರು. ಆ ಕೋಣೆಯಲ್ಲಿ ಆಗಲೇ ಒಂದು ಎ.ಸಿ. ಇತ್ತು. ತಂಪಿನಲ್ಲಿ ಕೂತು ಬಿಸಿಯ ಲೆಕ್ಕ ಹಾಕಿದರು.

ನಕ್ಷೆ ಮೇಜಿನ ಮೇಲೆ ಹರಡಿತ್ತು. ಅದರಲ್ಲಿ ತುದಿಯ ಮಹಡಿಗೆ ಗೋದಾಮು ಎಂದು ಬರೆದಿತ್ತು. ಅಲ್ಲಿ ಹೊಲಿಗೆ ನಡೆಯುತ್ತದೆ ಎಂದು ಬರೆದರೆ ಸರ್ಕಾರದ ಅಪ್ಪಣೆ ಬೇರೆ ಬೇಕು, ಗಾಳಿ ಬೆಳಕಿನ ನಿಯಮ ಬೇರೆ ಪಾಲಿಸಬೇಕು. ಗೋದಾಮು ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಕಂಪನಿಯವರೂ ಕೇಳಲಿಲ್ಲ. ಗೋದಾಮಿನಲ್ಲಿ ಸೀರೆ ಇರುತ್ತದೆ. ಸೀರೆಗೆ ಬೆವರು ಬರುವುದಿಲ್ಲ. ಆದ್ದರಿಂದ ತುದಿಯ ಮಹಡಿಗೆ ತಂಪು ಬೇಡ ಎಂದು ಲೆಕ್ಕವಾಯಿತು. ಒಂದೇ ಪದದಿಂದ ಇಪ್ಪತ್ತೆರಡು ಹೆಂಗಸರನ್ನು ಸೀರೆ ಮಾಡಿದರು.

ವ್ಯಾಪಾರಿ ದೊಡ್ಡ ಯಂತ್ರವನ್ನೇ ಆರಿಸಿದ. ಅವನಿಗೆ ಇನ್ನೂ ಎರಡು ಮಾತು ಹೇಳುವುದಿತ್ತು. ಅಂಗಡಿಯ ಮುಂಬಾಗಿಲು ಬೆಳಿಗ್ಗೆ ತೆರೆದರೆ ವ್ಯಾಪಾರ ಮುಗಿಯುವವರೆಗೆ ಮುಚ್ಚಬಾರದು, ಮುಚ್ಚಿದ ಬಾಗಿಲಿಗೆ ಲಕ್ಷ್ಮಿ ಬರುವುದಿಲ್ಲ ಎಂದ. ಕಂಪನಿಯವನು ತಲೆಯಾಡಿಸಿ ಯಂತ್ರವನ್ನು ಇನ್ನಷ್ಟು ದೊಡ್ಡದು ಮಾಡಿದ. ಆ ಯಂತ್ರಕ್ಕೆ ಸೇರಿದ ಹೊರಗಿನ ಪೆಟ್ಟಿಗೆಗಳು ಬಿಸಿ ಉಗುಳುತ್ತವೆ, ಬೆಂಕಿಗೆ ಸಂಬಂಧಪಟ್ಟದ್ದು ಆಗ್ನೇಯ ಮೂಲೆಯಲ್ಲೇ ಇರಬೇಕು ಎಂದು ವಾಸ್ತು ಹೇಳುವವನು ಹೇಳಿದ್ದಾನೆ ಎಂದ. ಕಂಪನಿಯವನು ಅದಕ್ಕೂ ತಲೆಯಾಡಿಸಿದ. ತುದಿಯ ಮಹಡಿಯ ಆಗ್ನೇಯಕ್ಕೆ ಗೋಡೆಯಿಂದ ಹೊರಚಾಚಿದ ಒಂದು ಸಜ್ಜಾ ಇತ್ತು. ನಾಲ್ಕು ಪೆಟ್ಟಿಗೆಗಳನ್ನು ಅದರ ಮೇಲೆ ಕೂರಿಸಿದರು. ಹೊಲಿಗೆಯ ಮಹಡಿಗೆ ಇದ್ದದ್ದು ಒಂದೇ ಸಾಲು ಕಿಟಕಿ. ಆ ಸಾಲು ಅದೇ ಸಜ್ಜಾಕ್ಕೆ ತೆರೆಯುತ್ತಿತ್ತು.

ಒಂದು ಮಾತು ತಿಳಿದುಕೋ. ಎ.ಸಿ. ತಂಪನ್ನು ಹುಟ್ಟಿಸುವುದಿಲ್ಲ. ಹುಟ್ಟಿಸುತ್ತದೆ ಎಂದವನು ನಿನಗೆ ಏನನ್ನೋ ಮಾರುತ್ತಿದ್ದಾನೆ. ಅದು ಒಂದು ಕಡೆಯ ಬಿಸಿಯನ್ನು ಎತ್ತಿ ಇನ್ನೊಂದು ಕಡೆ ಎಸೆಯುತ್ತದೆ, ಅಷ್ಟೇ. ಕೆಳಗೆ ಮೂರು ಅಂತಸ್ತಿನ ಬಿಸಿಯನ್ನು ಎತ್ತಿ ಆ ಕಿಟಕಿಗಳಿಗೆ ಎಸೆದರು. ಕಿಟಕಿ ತೆರೆದರೆ ಒಲೆಯ ಬಾಯಿ. ಮುಚ್ಚಿದರೆ ಮೇಲೆ ಕಾದ ಗಚ್ಚಿನ ತಾರಸಿ, ಒಳಗೆ ನಾಲ್ಕು ಇಸ್ತ್ರಿ. ಹೆಂಗಸರು ಕಿಟಕಿ ಮುಚ್ಚಿದರು. ಕೆಳಗೆ ಗಿರಾಕಿಗಳು, ಎಷ್ಟು ತಂಪಾಗಿದೆ ಎಂದು ಹೊಗಳಿದರು.

ವ್ಯಾಪಾರಿಯ ಹೆಸರು ಬೇಡವೆಂದೆ. ಇಸ್ತ್ರಿ ಮಾಡುವ ಹೆಂಗಸಿನ ಹೆಸರು ನೆನಪಿಟ್ಟುಕೋ. ಹುಲಿಗೆಮ್ಮ. ಆಕೆಯ ಸೊಸೆಯೂ ಅಲ್ಲೇ ಪಿಕೋ ಯಂತ್ರದ ಮೇಲೆ ಕೂರುತ್ತಿದ್ದಳು. ಸೊಸೆಗೆ ಐದು ತಿಂಗಳಾಗಿತ್ತು. ಹಿಂದೆ ಒಂದು ಸಲ ಬಸಿರು ಇಳಿದುಹೋಗಿತ್ತು. ಈ ಸಲ ನಿಲ್ಲಬೇಕೆಂದು ಇಡೀ ಮನೆ ಕಾಯುತ್ತಿತ್ತು.

ಭಾದ್ರಪದದಲ್ಲಿ ಒಂದು ಮಧ್ಯಾಹ್ನ ಸೊಸೆ ಯಂತ್ರದ ಮೇಲೇ ತಲೆಯಿಟ್ಟು ಬಿದ್ದಳು. ಊಟ ಮಾಡಿರಲಿಕ್ಕಿಲ್ಲ ಎಂದು ವ್ಯಾಪಾರಿ ಕೆಳಗಿನಿಂದ ಹೇಳಿಕಳಿಸಿದ. ಹದಿನೈದು ದಿನಕ್ಕೆ ಮತ್ತೆ ಬಿದ್ದಳು. ಅವನು ಒಂದು ಫ್ಯಾನು ಕಳಿಸಿದ. ಬಿಸಿ ಗಾಳಿಯನ್ನು ಫ್ಯಾನು ತಿರುಗಿಸಿದರೆ ಬಿಸಿ ಗಾಳಿ ತಿರುಗುತ್ತದೆ. ವೈದ್ಯೆ ಸೊಸೆಯನ್ನು ನೋಡಿದಳು. ಈ ಸೆಕೆಯಲ್ಲಿ ಕೂತರೆ ಮಗು ಉಳಿಯುವ ಮಾತು ನಾನು ಕೊಡಲಾರೆ ಎಂದಳು.

ಹುಲಿಗೆಮ್ಮ ಕೆಳಗಿಳಿದು ವ್ಯಾಪಾರಿಯ ಎದುರು ನಿಂತಳು. ಪೆಟ್ಟಿಗೆಗಳನ್ನು ಕಿಟಕಿಯಿಂದ ಸರಿಸಬೇಕೆಂದು ಕೇಳಿದಳು. ಬಸುರಿಯ ಮಾತನ್ನೂ ಹೇಳಿದಳು. ವ್ಯಾಪಾರಿ ನಕ್ಕ.

"ಎಲ್ಲಾರೂ ಹಡೀತಾರ ಹುಲಿಗೆಮ್ಮ. ನಮ್ಮವ್ವ ಒಲಿ ಮುಂದ ಕುಂತ ಎಂಟು ಹಡದಾಳ."

"ನಿಮ್ಮವ್ವನ ಒಲಿ ಮ್ಯಾಲೆ ಬೆಳಕಿಂಡಿ ಇತ್ತರಿ ಸಾವ್ಕಾರ್ರ."

ಹೊಗೆ ಹೋಗಲು, ಬೆಳಕು ಬರಲು ಹಳೆಯ ಮನೆಯ ಮಾಳಿಗೆಯಲ್ಲಿ ಒಂದು ಕಿಂಡಿ ಇರುತ್ತದೆ. ಅಂಥದೊಂದು ನಮಗೆ ಇಲ್ಲ ಎಂದಳು ಆಕೆ. ಪಕ್ಕದಲ್ಲಿ ಸೀರೆ ಮಡಿಸುತ್ತಿದ್ದವರು ತಲೆ ತಗ್ಗಿಸಿ ನಕ್ಕರು. ಅದು ವ್ಯಾಪಾರಿಗೆ ಸಿಟ್ಟು ತರಿಸಿತು. ದೀಪಾವಳಿಯ ವ್ಯಾಪಾರ ಎದುರಿಗಿದೆ, ಆಗದವರು ಮನೆಯಲ್ಲಿರಲಿ, ಆ ಯಂತ್ರಕ್ಕೆ ಬೇರೆಯವರನ್ನು ಕೂರಿಸುತ್ತೇನೆ ಎಂದ.

ಈಗ ಹುಲಿಗೆಮ್ಮನಿಗೆ ಎರಡೇ ದಾರಿ. ಸೊಸೆ ಕೂತರೆ ಮಗು ಹೋಗಬಹುದು. ಎದ್ದರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಇಬ್ಬರ ದುಡಿಮೆಯಿಂದಲೇ ಒಲೆ ಉರಿಯುತ್ತಿತ್ತು. ಎರಡೂ ದಾರಿಯನ್ನು ಹಾಕಿಕೊಟ್ಟವನು ವ್ಯಾಪಾರಿ. ಇಂಥ ಕಡೆ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಯಾವುದು ಕಡಿಮೆ ನೋವಿನದು ಎಂದು ಯೋಚಿಸುತ್ತೇವೆ. ಹುಲಿಗೆಮ್ಮ ಹಾಗೆ ಯೋಚಿಸಲಿಲ್ಲ. ಇವನು ಮೇಲೆ ಬಂದು ಕೂರುವುದು ಯಾವಾಗ ಎಂದು ಯೋಚಿಸಿದಳು.

ವರ್ಷಕ್ಕೆ ಒಂದೇ ದಿನ ಅವನು ಆ ಮಹಡಿಗೆ ಬರುತ್ತಿದ್ದ. ಆಯುಧಪೂಜೆಯ ದಿನ. ಯಂತ್ರಗಳಿಗೆ ಯಜಮಾನನೇ ಪೂಜೆ ಮಾಡಬೇಕು. ಅದನ್ನು ಬೇರೆಯವರಿಗೆ ಬಿಟ್ಟರೆ ವ್ಯಾಪಾರ ಕೈ ಹತ್ತುವುದಿಲ್ಲವೆಂಬ ನಂಬಿಕೆ ಅವನದು. ಪ್ರತಿ ವರ್ಷ ಬಂದು ಮಣೆಯ ಮೇಲೆ ಕೂರುತ್ತಿದ್ದ. ಇಸ್ತ್ರಿಗಳೂ ಸೇರಿ ಇಪ್ಪತ್ತೆರಡು ಯಂತ್ರಗಳಿಗೂ ಕೂಡಿಸಿ ಒಂದು ಮಂತ್ರ, ಒಂದು ತೆಂಗಿನಕಾಯಿ, ಒಂದು ಆರತಿ. ಹತ್ತು ನಿಮಿಷಕ್ಕೆ ಮುಗಿಸಿ ಇಳಿದುಬಿಡುತ್ತಿದ್ದ.

ಹುಲಿಗೆಮ್ಮ ಪೂಜೆಗೆ ಬರುವ ಅಯ್ಯನವರ ಮನೆಗೆ ಹೋದಳು. ಈ ವರ್ಷ ಯಂತ್ರಕ್ಕೊಂದು ಪೂಜೆ ಆಗಬೇಕು, ಯಾವ ಯಂತ್ರವನ್ನೂ ಬಿಡಬಾರದು, ಅದರ ಮೇಲೆ ದುಡಿಯುವವಳ ಹೆಸರು ಹೇಳಿಯೇ ಹೂ ಏರಿಸಬೇಕು, ತೆಂಗಿನಕಾಯಿ ನಾವೇ ತರುತ್ತೇವೆ ಎಂದಳು. ಅಯ್ಯನವರು ಕೈ ಬೆರಳಲ್ಲಿ ಹೊತ್ತು ಎಣಿಸಿ ನೋಡಿದರು. ಎರಡು ತಾಸಾದರೂ ಬೇಕು ಎಂದರು. ಅಷ್ಟೇ ಬೇಕು ಎಂದಳು ಹುಲಿಗೆಮ್ಮ. ಅಯ್ಯನವರು ಆಕೆಯ ಮುಖ ನೋಡಿದರು. ಮುಹೂರ್ತವನ್ನು ಮಧ್ಯಾಹ್ನ ಎರಡಕ್ಕೆ ಇಟ್ಟುಕೊಟ್ಟರು.

ಆ ದಿನ ವ್ಯಾಪಾರಿ ರೇಷ್ಮೆ ಮಡಿ ಉಟ್ಟು, ಶಲ್ಯ ಹೊದ್ದು ಮೇಲೆ ಬಂದ. ಕೆಳಗೆ ಹಬ್ಬದ ಗಿರಾಕಿಗಳು ತುಂಬಿದ್ದರು. ಹೊರಗಿನ ಪೆಟ್ಟಿಗೆಗಳು ನಾಲ್ಕೂ ಓಡುತ್ತಿದ್ದವು. ಅವನು ಮಣೆಯ ಮೇಲೆ ಕೂತ. ಮಣೆಯ ಮೇಲೆ ಕೂತ ಯಜಮಾನ ಮಂಗಳಾರತಿ ಆಗುವವರೆಗೆ ಏಳುವಂತಿಲ್ಲ. ಫ್ಯಾನು ಹಾಕುವಂತಿಲ್ಲ, ದೀಪ ಆರುತ್ತದೆ. ಇದನ್ನು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಅವನೇ ಎಲ್ಲರಿಗಿಂತ ಹೆಚ್ಚು ನಂಬುವವನು.

ಮೂರನೆಯ ಯಂತ್ರಕ್ಕೆ ಅವನ ಶಲ್ಯ ಕೆಳಗಿಳಿಯಿತು. ಏಳನೆಯದಕ್ಕೆ, ಎಲ್ಲ ಸೇರಿಸಿ ಮಾಡಿದರೆ ಆಗದೇ ಎಂದು ಅಯ್ಯನವರ ಕಿವಿಯಲ್ಲಿ ಕೇಳಿದ. ಸಂಕಲ್ಪ ಆಗಿಬಿಟ್ಟಿದೆ, ಅರ್ಧಕ್ಕೆ ಬಿಟ್ಟರೆ ನಿಮಗೇ ಕೆಡುಕು ಎಂದರು ಅಯ್ಯನವರು. ಹತ್ತನೆಯದಕ್ಕೆ ನೀರು ಕೇಳಿದ. ಮಡಿಯಲ್ಲಿ ಕೂತು ನೀರು ಕುಡಿಯಬಹುದೇ ಎಂದು ತಾನೇ ಅನುಮಾನಿಸಿ ಲೋಟವನ್ನು ಕೆಳಗಿಟ್ಟ. ಹನ್ನೆರಡನೆಯದು ಹುಲಿಗೆಮ್ಮನ ಸೊಸೆಯ ಯಂತ್ರ. ಅವಳ ಹೆಸರು ಹೇಳಿ ಹೂ ಏರಿಸುವಾಗ ಅವನ ಕಣ್ಣು ಒದ್ದೆಯಾಗಿತ್ತು. ಭಕ್ತಿಯಿಂದಲ್ಲ. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿದು ಅವನಿಗೆ ಯಂತ್ರ ಸರಿಯಾಗಿ ಕಾಣುತ್ತಿರಲಿಲ್ಲ.

ಅವನು ಹುಲಿಗೆಮ್ಮನ ಕಡೆ ತಿರುಗಿದ. ಇಸ್ತ್ರಿಗಳನ್ನಾದರೂ ಆರಿಸಬಾರದೇ, ಪೂಜೆಯ ಹೊತ್ತಿನಲ್ಲೂ ಹಚ್ಚಿಡಬೇಕೇ ಎಂದು ಗದರಿದ.

"ಇವತ್ತು ಇಸ್ತ್ರಿ ಹಚ್ಚಿಲ್ಲರಿ ಸಾವ್ಕಾರ್ರ" ಎಂದಳು ಹುಲಿಗೆಮ್ಮ.

ನಾಲ್ಕೂ ಇಸ್ತ್ರಿಗಳು ಅರಿಶಿನ ಕುಂಕುಮ ಹಚ್ಚಿಸಿಕೊಂಡು ತಣ್ಣಗೆ ಸಾಲಾಗಿ ಕೂತಿದ್ದವು. ಆಯುಧಗಳಿಗೆ ಅಂದು ಬಿಡುವು. ವ್ಯಾಪಾರಿ ಅವುಗಳನ್ನು ನೋಡಿದ. ಕೈ ಚಾಚಿ ಒಂದನ್ನು ಮುಟ್ಟಿಯೂ ನೋಡಿದ. ಆಮೇಲೆ ಅವನು ಯಾರನ್ನೂ ಗದರಲಿಲ್ಲ.

ಇಪ್ಪತ್ತೆರಡನೆಯ ಯಂತ್ರ ಮುಗಿದು ಮಂಗಳಾರತಿ ಹಚ್ಚುವ ಹೊತ್ತಿಗೆ ಅವನ ತಲೆ ಸುತ್ತುತ್ತಿತ್ತು. ಕಿಟಕಿ ತೆಗೆಯಿರಿ ಎಂದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ತೆಗೆಯಿರಿ ಎಂದು ಮತ್ತೆ ಹೇಳಿದ. ತೆಗೆದರು. ನಾಲ್ಕು ಪೆಟ್ಟಿಗೆಗಳ ಬಿಸಿಗಾಳಿ ಒಮ್ಮೆಗೇ ಒಳನುಗ್ಗಿ ಅವನ ಮುಖಕ್ಕೆ ಹೊಡೆಯಿತು. ಆರತಿಯ ದೀಪ ಆರಿಹೋಯಿತು.

ವ್ಯಾಪಾರಿಯ ಮುಖ ಬಿಳಿಚಿಕೊಂಡಿತು. ಹಬ್ಬದ ದಿನ, ಯಜಮಾನನ ಕಣ್ಣೆದುರು, ಮಂಗಳಾರತಿ ಆರುವುದೆಂದರೆ ಅವನಿಗೆ ಅದಕ್ಕಿಂತ ದೊಡ್ಡ ಅಪಶಕುನವಿಲ್ಲ. ಬಸುರಿ ಹೆಂಗಸು ಎರಡು ಸಲ ನೆಲಕ್ಕೆ ಬಿದ್ದದ್ದು ಅವನಿಗೆ ಅಪಶಕುನವಾಗಿರಲಿಲ್ಲ. ದೀಪ ಆರಿದ್ದು ಆಯಿತು. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೆ. ಆದರೂ ಇರಲಿ. ಬೀಗ ಯಾವ ಕೈಯಿಂದ ತೆರೆದರೂ ಬಾಗಿಲು ತೆರೆಯುತ್ತದೆ.

ಇದು ಯಾರ ತಪ್ಪು ಎಂದು ಅವನು ಅಯ್ಯನವರನ್ನು ಕೇಳಿದ. ಅಯ್ಯನವರು ಮುದುಕರು, ಅವರಿಗೂ ಬೆವರು ಇಳಿಯುತ್ತಿತ್ತು. ದೀಪವನ್ನು ಆರಿಸಿದ್ದು ಗಾಳಿ, ಗಾಳಿಯನ್ನು ಕಳಿಸಿದ್ದು ಆ ಪೆಟ್ಟಿಗೆ, ಪೆಟ್ಟಿಗೆಯನ್ನು ಅಲ್ಲಿ ಕೂರಿಸಿದ್ದು ಯಾರೆಂದು ನೀವೇ ಹೇಳಿ ಎಂದರು. ಕಿಟಕಿ ಮುಚ್ಚಿಸಿ ದೀಪವನ್ನು ಮತ್ತೆ ಹಚ್ಚಿದರು. ಆರತಿ ಮುಗಿಯಿತು.

ಆರತಿ ಮುಗಿದ ಮೇಲೂ ವ್ಯಾಪಾರಿ ಮಣೆಯಿಂದ ಏಳಲಿಲ್ಲ. ಎದ್ದರೆ ಬೀಳುತ್ತೇನೆಂದು ಅವನಿಗೆ ಗೊತ್ತಿತ್ತು. ಹುಲಿಗೆಮ್ಮನ ಸೊಸೆಯೇ ಅವನಿಗೆ ಮಜ್ಜಿಗೆ ತಂದುಕೊಟ್ಟಳು. ಅವನು ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಲೋಟ ಹಿಂದಕ್ಕೆ ಕೊಡುವಾಗ ಅವಳ ಹೊಟ್ಟೆಯನ್ನು ನೋಡಿದ. ದಿನಾ ಎಷ್ಟು ಹೊತ್ತು ಇಲ್ಲಿ ಕೂರುತ್ತೀ ಎಂದು ಕೇಳಿದ. ಅವಳು ಹತ್ತು ತಾಸು ಎಂದಳು.

ಮರುದಿನ ಅವನು ಅದೇ ಮೂರು ಕಂಪನಿಗಳವರನ್ನು ಕರೆಸಿದ. ಈ ಸಲ ತನ್ನ ಕೋಣೆಗೆ ಕರೆಯಲಿಲ್ಲ. ನೇರ ಹೊಲಿಗೆಯ ಮಹಡಿಗೆ ಹತ್ತಿಸಿದ. ಏನಾದರೂ ಹೇಳುವ ಮುಂಚೆ ಒಂದು ತಾಸು ಕೂತಿರಿ ಎಂದ. ಕೇಳುವ ಕೆಲಸವನ್ನು ಹುಲಿಗೆಮ್ಮನಿಗೇ ಬಿಟ್ಟ. ಆಕೆ ಮೂವರಿಗೂ ಒಂದೇ ಪ್ರಶ್ನೆ ಕೇಳಿದಳು. ಬಿಸಿಯನ್ನು ಎತ್ತಿ ಎಲ್ಲಿ ಒಗೆಯುತ್ತೀರಿ?

ಒಬ್ಬ, ನಮ್ಮ ಯಂತ್ರ ಹೊರದೇಶದ್ದು ಎಂದ. ಆಕೆ ಮತ್ತೆ ಅದನ್ನೇ ಕೇಳಿದಳು. ಇನ್ನೊಬ್ಬ ಬಣ್ಣದ ಚಿತ್ರಗಳ ಪುಸ್ತಕ ತೆರೆದ. ಚಿತ್ರದಲ್ಲಿ ಬೆಳ್ಳಗಿನ ಜನ ನಗುತ್ತಾ ಕೂತಿದ್ದರು. ಇವರಲ್ಲಿ ಫಾಲ್ ಹಚ್ಚುವವರು ಯಾರು ಎಂದು ಒಬ್ಬ ಹುಡುಗಿ ಕೇಳಿದಳು. ಮಹಡಿ ಪೂರ್ತಿ ನಕ್ಕಿತು. ಮೂರನೆಯವನು ಮಾತ್ರ, ಗೊತ್ತಿಲ್ಲವ್ವಾ, ನೋಡಬೇಕು ಎಂದ. ಅಂಗಿಯ ತೋಳು ಮಡಿಸಿ ಕಿಟಕಿ ದಾಟಿ ಸಜ್ಜಾಕ್ಕೆ ಇಳಿದ. ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತ. ಒಳಗೆ ಬಂದಾಗ ಅವನ ಮುಖ ಕೆಂಪಾಗಿತ್ತು. ಕೆಲಸ ಅವನಿಗೆ ಸಿಕ್ಕಿತು.

ಅವನು ಹೊಸ ಯಂತ್ರ ತರಲಿಲ್ಲ. ಎರಡು ದಿನ ಕಟ್ಟಡವನ್ನು ಸುತ್ತಿ ನೋಡಿದ. ಹೊಲಿಗೆಯ ಮಹಡಿಗೆ ಬೇಕಾದಷ್ಟು ತಂಪು ಈ ಯಂತ್ರದಲ್ಲೇ ಇದೆ, ಅದು ಮುಂಬಾಗಿಲಿನಿಂದ ಹೊರಗೆ ಹೋಗಿ ಬೀದಿಯನ್ನು ತಣ್ಣಗೆ ಮಾಡುತ್ತಿದೆ ಎಂದ. ಬಾಗಿಲು ಮುಚ್ಚುವ ಮಾತು ಬಂದ ಕೂಡಲೇ ವ್ಯಾಪಾರಿ ಎದ್ದುನಿಂತ. ಬೇರೆ ಏನಾದರೂ ಕೇಳಿ, ಅದನ್ನು ಕೇಳಬೇಡಿ ಎಂದ. ಮಾತು ಅಲ್ಲಿಗೆ ನಿಲ್ಲುವುದರಲ್ಲಿತ್ತು.

ಹುಲಿಗೆಮ್ಮ ಅವನಿಗೆ ಒಂದು ಮಾತು ಹೇಳಿದಳು. ಲಕ್ಷ್ಮಿ ಬರುವುದು ಗಿರಾಕಿಯ ಕಾಲಿನಿಂದ. ತೆರೆದೇ ಬಿದ್ದಿರುವ ಬಾಗಿಲಿನಲ್ಲಿ ದನವೂ ಬರುತ್ತದೆ, ನಾಯಿಯೂ ಬರುತ್ತದೆ. ಮನೆಗೆ ದೊಡ್ಡವರು ಬಂದರೆ ಒಬ್ಬರು ಎದ್ದು ಹೋಗಿ ಬಾಗಿಲು ತೆಗೆಯುತ್ತೇವೆ. ಲಕ್ಷ್ಮಿಗೆ ಅಷ್ಟೂ ಮಾಡಬಾರದೇ?

ವ್ಯಾಪಾರಿ ಒಂದು ದಿನ ಯೋಚಿಸಿದ. ಆಮೇಲೆ ಮುಂಬಾಗಿಲಿಗೆ ಗಾಜಿನ ಕದ ಬಂತು. ಚಪ್ಪಲಿ ಕಾಯುತ್ತಿದ್ದ ಮುದುಕನಿಗೆ ಪೇಟ ಕಟ್ಟಿಸಿ ಅಲ್ಲಿ ನಿಲ್ಲಿಸಿದರು. ಬಂದ ಪ್ರತಿಯೊಬ್ಬರಿಗೂ ಅವನು ಕದ ತೆಗೆದು, ಬರ್ರಿ ತಾಯಿ ಎಂದು ಒಳಗೆ ಬಿಡುತ್ತಿದ್ದ. ಬಡವರು ಹೆಚ್ಚು ಬರತೊಡಗಿದರು. ಹಿಂದೆ ಯಾರೂ ಅವರಿಗೆ ಅಂಗಡಿಯ ಕದ ತೆಗೆದಿರಲಿಲ್ಲ.

ಬೀದಿಗೆ ಹೋಗುತ್ತಿದ್ದ ತಂಪು ಉಳಿಯಿತು. ಗಾಳಿಯ ಕೊಳವೆಯನ್ನು ಇನ್ನೊಂದು ಅಂತಸ್ತು ಮೇಲಕ್ಕೆ ಏರಿಸಿದರು. ಪೆಟ್ಟಿಗೆಗಳನ್ನು ಸಜ್ಜಾದಿಂದ ಎತ್ತಿ ಗಚ್ಚಿನ ಮೇಲೆ ಕಬ್ಬಿಣದ ನಿಲುವು ಮಾಡಿ ಕೂರಿಸಿದರು. ಆಗ್ನೇಯ ಮೂಲೆಯಲ್ಲೇ ಕೂರಿಸಿದರು. ಮೂಲೆ ಅದೇ, ಎತ್ತರ ಬೇರೆ. ವಾಸ್ತು ಹೇಳುವವನಿಗೆ ಹೇಳಲು ಏನೂ ಉಳಿಯಲಿಲ್ಲ. ಬಿಸಿ ಆಕಾಶಕ್ಕೆ ಹೋಯಿತು. ಗಚ್ಚಿಗೆ ದಪ್ಪನಾಗಿ ಸುಣ್ಣ ಬಳಿದರು. ಬಿಸಿಲು ಅರ್ಧ ಅಲ್ಲೇ ಹಿಂದಕ್ಕೆ ಹೋಯಿತು. ಇಸ್ತ್ರಿಯ ಮೇಜುಗಳನ್ನು ಕಿಟಕಿಯ ಬದಿಗೆ ಸರಿಸಿ, ಅವುಗಳ ಆವಿಯನ್ನು ಹೊರಗೆ ಎಳೆಯುವ ಫ್ಯಾನು ಇಟ್ಟರು. ಆ ಜಾಗವನ್ನು ಹೇಳಿಕೊಟ್ಟವಳು ಹುಲಿಗೆಮ್ಮ. ಇಪ್ಪತ್ತು ವರ್ಷ ಇಸ್ತ್ರಿ ಹಿಡಿದವಳಿಗೆ ಆವಿ ಯಾವ ಕಡೆ ಹೋಗುತ್ತದೆಂದು ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ.

ಕೊನೆಗೆ ಈ ಕೆಲಸಗಳನ್ನು ಮಾಡಿಸಿದ ಮೇಸ್ತ್ರಿ ನಕ್ಷೆಯನ್ನು ಬಿಚ್ಚಿದ. ಗೋದಾಮು ಎಂಬ ಪದಕ್ಕೆ ಗೀಟು ಎಳೆದು ಹೊಲಿಗೆಯ ಮಹಡಿ ಎಂದು ಬರೆದ. ಬರೆದರೆ ಅಪ್ಪಣೆ ತರಬೇಕಾಗುತ್ತದೆ ಎಂದು ವ್ಯಾಪಾರಿ ಗೊಣಗಿದ. ತರಬೇಕು ಎಂದಳು ಹುಲಿಗೆಮ್ಮ. ತಂದ. ಎಷ್ಟು ಮಂದಿ ಎಂದು ಬರೆಯಲಿ ಎಂದು ಮೇಸ್ತ್ರಿ ಕೇಳಿದಾಗ ಹುಲಿಗೆಮ್ಮ ಇಪ್ಪತ್ಮೂರು ಎಂದಳು. ಅವನು ಒಂದೊಂದಾಗಿ ಎಣಿಸಿ, ಇಪ್ಪತ್ತೆರಡೇ ಇದ್ದಾರಲ್ಲ ಎಂದ. ಆಮೇಲೆ ಪಿಕೋ ಯಂತ್ರದ ಕಡೆ ನೋಡಿ ಇಪ್ಪತ್ಮೂರು ಎಂದೇ ಬರೆದ.

ದೀಪಾವಳಿಯ ವ್ಯಾಪಾರದಲ್ಲಿ ಸೊಸೆ ತನ್ನ ಯಂತ್ರದ ಮೇಲೇ ಕೂತಿದ್ದಳು. ಮತ್ತೆ ಬೀಳಲಿಲ್ಲ. ಮಾಘ ಮಾಸದಲ್ಲಿ ಹೆಣ್ಣು ಮಗು ಹುಟ್ಟಿತು. ತೂಕ ಚೆನ್ನಾಗಿತ್ತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ವಿಶಾಲಾಕ್ಷಿ ತನ್ನ ಕಟ್ಟಡದ ನಕ್ಷೆಯನ್ನು ಬಿಡಿಸಿದಳು. ಬೀಜದ ಪೊಟ್ಟಣ ಕಟ್ಟುವ ಮಹಡಿಯನ್ನು ಹುಡುಕಿದಳು. ಅಲ್ಲಿ ದಾಸ್ತಾನು ಎಂದು ಬರೆದಿತ್ತು. ಅಲ್ಲಿ ಎಷ್ಟು ಹೆಂಗಸರಿದ್ದಾರೆ ಎಂದು ಗುರುಗಳು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ.

ಅವಳು ನಕ್ಷೆಯನ್ನು ಮಡಿಸುತ್ತಾ ತನ್ನ ಕಷ್ಟ ಹೇಳಿದಳು. ಆ ವ್ಯಾಪಾರಿ ಊರಲ್ಲೇ ಇದ್ದ, ಪೂಜೆಗೆ ಬಂದು ಕೂತ. ನಮ್ಮ ಮಾಲೀಕ ಹೈದರಾಬಾದಿನಲ್ಲಿದ್ದಾನೆ, ಮಣೆಯ ಮೇಲೆ ಕೂರಿಸಲು ಸಿಗುವವನಲ್ಲ ಎಂದಳು. ನಮ್ಮ ಕಚೇರಿಯ ದೊಡ್ಡವರು ಆಗಲೇ ಒಂದು ಕಂಪನಿಯನ್ನು ಮನಸ್ಸಿನಲ್ಲಿ ಆರಿಸಿಟ್ಟಿದ್ದಾರೆ ಎಂದಳು.

"ನನ್ನ ಕೈಯಾಗ ಏನೈತಿ ಉಸ್ತಾದ್ರೆ? ಎಲ್ಲಾ ಸರಿ ಐತಿ ಅಂತ ಕಡೀಕ ಒಂದು ಸಹಿ ಹಾಕಾಕಿ, ಅಷ್ಟ."

"ಆ ಸಹಿ ಬೀಳದೆ ಆ ಯಂತ್ರ ಲಾರಿಯಿಂದ ಇಳಿತೈತೇನವ್ವಾ?" ಎಂದರು ಗುರುಗಳು.

ವಿಶಾಲಾಕ್ಷಿ ಸಹಿ ಹಾಕದೆ ಪೆನ್ನನ್ನು ಚೀಲದೊಳಗೆ ಹಾಕಿದಳು.

ಓದುತ್ತಿರುವವರೇ, ಈಗ ನಿಮ್ಮ ಸರದಿ. ನೀವು ಕೂತಿರುವ ಬ್ಯಾಂಕು, ಅಂಗಡಿ, ಆಸ್ಪತ್ರೆ, ಕಚೇರಿ ತಣ್ಣಗಿದ್ದರೆ ಎದ್ದು ಹೊರಗೆ ಹೋಗಿ. ಬಿಸಿ ಉಗುಳುವ ಪೆಟ್ಟಿಗೆ ಎಲ್ಲಿದೆ ಹುಡುಕಿ. ಅದರ ಎದುರಿಗೆ ಯಾರಾದರೂ ದುಡಿಯುತ್ತಿದ್ದರೆ, ಅದನ್ನು ಅಲ್ಲಿಂದ ಎತ್ತಿಸುವವರೆಗೆ ಒಳಗೆ ಬಂದು ಕೂರಬೇಡಿ.